ನಂಜಪ್ಪನವರ ಮನೆ ಬನಿಯನ್

ಮೊದಲು ಬಂದದ್ದು ಒಂದು ಕುಂಬಳಕಾಯಿ.

ಪ್ರೇಮಮ್ಮ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾದಿನಿ ಜಯಲಕ್ಷ್ಮಿ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಬಂದು ಒರಳಿನ ಪಕ್ಕ ಇಳಿಸಿದಳು.

"ಯಾರ್ ಕೊಟ್ರು?"

"ಗೊತ್ತಿಲ್ಲ ಅತ್ತಿಗೆ. ಕಬ್ಬಿನ ಗಾಡಿ ನಿಲ್ಸಿ, ನಂಜಪ್ಪನೋರ ಮನೆ ಇದೇಯಾ ಅಂದ. ಊಂ ಅಂದೆ. ಇದ ಇಳ್ಸಿ, ಎತ್ತು ಹೊಡ್ಕೊಂಡು ಹೊಂಟೋದ."

ರಾತ್ರಿ ಊಟಕ್ಕೆ ಕುಳಿತಾಗ ಮಾವ ನಂಜಪ್ಪನ ಕಣ್ಣು ಮೂಲೆಯಲ್ಲಿದ್ದ ಕುಂಬಳಕಾಯಿಯ ಮೇಲೇ ಇತ್ತು. ಮುದ್ದೆ ಮುರಿಯುತ್ತ ಕೇಳಿದ. "ಎಸ್ರು ಕೇಳ್ಬಾರ್ದಿತ್ತಾ?"

"ಕೇಳೋದ್ರೊಳ್ಗೆ ಹೋಗ್ಬುಟ್ಟ ಕಣಪ್ಪ."

"ಸುಮ್ ಸುಮ್ನೆ ಯಾರ್ ಕೊಡ್ತಾರೆ? ನಾಳೆ ಬಂದು ದುಡ್ ಕೇಳ್ತಾನೆ ನೋಡ್ತಿರು. ಯಾರೂ ಅದಕ್ ಕತ್ತಿ ತಾಗಿಸ್ಬ್ಯಾಡಿ."

"ಅದ್ ಕೊಳ್ತು ನಾರೋಗಂಟ ಕಾಯ್ತಾ ಕುಂತ್ಕೊಳವಾ?" ಎಂದಳು ಅತ್ತೆ ದ್ಯಾವಮ್ಮ. ಆದರೆ ಅವಳ ಮುಖದಲ್ಲಿ ಬೇರೆಯವರಿಗಿದ್ದ ಗೊಂದಲ ಇರಲಿಲ್ಲ. ಪ್ರೇಮಮ್ಮ ಅದನ್ನು ಆಗ ಗಮನಿಸಿದಳು, ಸಾರು ಬಡಿಸುವ ಹೊತ್ತಿಗೆ ಮರೆತಳು.

ಆ ವಾರದೊಳಗೆ ಒಂದು ಕುಕ್ಕೆ ಅವರೆಕಾಯಿ ಬಂತು. ಬಾಳೆಪಟ್ಟೆಯಲ್ಲಿ ಸುತ್ತಿದ ಅಚ್ಚು ಬೆಲ್ಲ ಬಂತು. ತಂದವರು ಒಳಗೆ ಬರುತ್ತಿರಲಿಲ್ಲ. ನೀರು ಕೊಟ್ಟರೆ ಕುಡಿದು, ಮಾವನ ಆರೋಗ್ಯ ವಿಚಾರಿಸಿ, ದಾರಿ ಹಿಡಿಯುತ್ತಿದ್ದರು. ಶನಿವಾರ ಕಾಲು ಕಟ್ಟಿದ ಕೋಳಿಯೊಂದು ಜಗುಲಿಯ ಮೇಲೆ ಮಲಗಿತ್ತು. ಬಯಸಿದ್ದು ಮಾತ್ರ ಬರಲಿಲ್ಲ. ಬೀದಿಯ ಕೋಣೆಯ ಬಾಗಿಲನ್ನು ಪ್ರೇಮಮ್ಮ ಬೆಳಿಗ್ಗೆಯೇ ತೆಗೆದು, ಕಸ ಗುಡಿಸಿ, ದನದ ಕಲಗಚ್ಚಿಗೂ ಒಲೆಗೂ ಓಡಾಡುತ್ತಲೇ ಅತ್ತ ಒಂದು ಕಿವಿ ಇಟ್ಟಿರುತ್ತಿದ್ದಳು. ಬನಿಯನ್ ಬೇಕು ಎಂದು ಕೇಳಿಕೊಂಡು ಒಬ್ಬರೂ ಬರಲಿಲ್ಲ.

ಆ ಕೋಣೆಯ ವಿಷಯಕ್ಕೆ ಮನೆಯಲ್ಲಿ ಮಾತು ಶುರುವಾಗಿ ಎರಡು ತಿಂಗಳಾಗಿತ್ತು. ಪಾಂಡವಪುರದ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿ, ಮನೆಗೆ ಅಂಟಿಕೊಂಡ ಕೋಣೆ ಅದು. ಹಿಂದೆ ಬೆಲ್ಲದ ಅಚ್ಚಿನ ಮಣೆಗಳನ್ನು ತುಂಬುತ್ತಿದ್ದರು. ಈಗ ಖಾಲಿ ಬಿದ್ದಿತ್ತು. ಗೊಬ್ಬರದ ಅಂಗಡಿ ಇಡಲು ಬೋರಯ್ಯ ಬಾಡಿಗೆಗೆ ಕೇಳಿದ್ದ. ನಂಜಪ್ಪ ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ಕೋಣೆ ತನಗೆ ಬೇಕೆಂದು ಸೊಸೆ ಬಾಯಿ ತೆರೆದಿದ್ದಳು.

ಅವಳಿಗೆ ಆ ಧೈರ್ಯ ಬಂದದ್ದು ಗಂಡನಿಂದ. ಹೊನ್ನಪ್ಪ ಕೆ.ಆರ್.ಎಸ್.ನಲ್ಲಿ ನಾಲೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದ. ವಾರವಿಡೀ ಅಲ್ಲೇ ಇದ್ದು ಶನಿವಾರ ಮನೆಗೆ ಬರುತ್ತಿದ್ದ. ಇಲಾಖೆಯ ವಾಲಿಬಾಲ್ ಹುಡುಗರಿಗೆ ಬನಿಯನ್ ಮೇಲೆ ಹೆಸರು ಬರೆಸಬೇಕಾಗಿತ್ತು. ಮೈಸೂರಿನಲ್ಲಿ ಬೆಲೆ ಜಾಸ್ತಿ ಹೇಳಿದರಂತೆ. "ನೀನೇನಾದ್ರೂ ಬರಿತೀಯೇನೆ?" ಎಂದು ಅವನು ತಮಾಷೆಗೆ ಕೇಳಿದ. ಪ್ರೇಮಮ್ಮ ದಪ್ಪ ರಟ್ಟಿಗೆ ಮೇಣ ಸವರಿ, ಅಕ್ಷರ ಕೊರೆದು, ಬನಿಯನ್ ಮೇಲಿಟ್ಟು, ಬಟ್ಟೆಯ ಉಂಡೆಯಿಂದ ನೀಲಿ ಬಣ್ಣ ಒತ್ತಿಕೊಟ್ಟಳು. ಅವಳ ತವರು ನಾಗಮಂಗಲದ ಕಡೆ, ಬಿಂಡಿಗನವಿಲೆ. ಸಂತೆಗೆ ಹೋದ ಕುರಿಗಳು ಬೆರೆಯದಿರಲಿ ಎಂದು ಅವಳಪ್ಪ ಚೌಡಯ್ಯ ಅವುಗಳ ಬೆನ್ನಿಗೆ ಹೀಗೇ ರಟ್ಟು ಕೊರೆದು ಗುರುತು ಒತ್ತುತ್ತಿದ್ದ. ಹುಡುಗಿಯಾಗಿದ್ದಾಗ ರಟ್ಟು ಹಿಡಿಯುತ್ತಿದ್ದವಳು ಇವಳೇ.

"ಕುರಿಗ್ ಹಾಕ್ದಂಗೆ ಜನುಕ್ಕೂ ಮುದ್ರೆ ಹಾಕ್ತಾಳಂತೆ," ಎಂದಿದ್ದಳು ದ್ಯಾವಮ್ಮ.

ಆದರೆ ವಾಲಿಬಾಲ್ ಹುಡುಗರ ಬನಿಯನ್ ಎಷ್ಟು ಒಗೆದರೂ ಬಣ್ಣ ಬಿಡಲಿಲ್ಲ. ಇವಳ ಕೈಗೆ ದುಡ್ಡು ಬಂತು. ತನ್ನ ಕೈಗೆ, ತನ್ನ ಕೆಲಸಕ್ಕೆ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡಿದ ಎರಡು ದಿನ ಅವಳಿಗೆ ತನ್ನ ನಡಿಗೆಯೇ ಬೇರೆ ಎನಿಸಿತ್ತು.

"ಶಿವರಾತ್ರಿಗಂಟ ಟೈಮ್ ಕೊಡ್ತೀನಿ ಕಣಮ್ಮ," ಎಂದು ನಂಜಪ್ಪ ಕೊನೆಗೆ ಹೇಳಿದ್ದ. "ಯಾಪಾರ ಕುದುರಿದ್ರೆ ಸರಿ. ಇಲ್ದಿದ್ರೆ ಬೋರಯ್ಯಂಗೆ ಬೀಗದ ಕೈ. ಆಮೇಕೆ ನನ್ ಮುಂದೆ ಕಣ್ಣೀರು ಹಾಕ್ಬಾರ್ದು."

ವ್ಯಾಪಾರ ಇದೆ ಎಂದು ಜನಕ್ಕೆ ತಿಳಿಯುವುದು ಹೇಗೆ? ಸಿನಿಮಾ ಟೆಂಟಿನಲ್ಲಿ ಸ್ಲೈಡು ಹಾಕಿಸಲು, ಗೋಡೆಗೆ ಬರೆಸಲು ಕಾಸಿರಲಿಲ್ಲ. ಇದ್ದದ್ದೆಲ್ಲ ಬಿಳಿ ಬನಿಯನ್ನಿಗೂ ಬಣ್ಣಕ್ಕೂ ಹೋಗಿತ್ತು. ಆಗ ಪ್ರೇಮಮ್ಮನಿಗೆ ಹೊಳೆದದ್ದು ಕಬ್ಬಿನ ಗಾಡಿಗಳ ಸಾಲು. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಗಾಡಿಯ ಹಿಂದೆ ಗಾಡಿ. ನೊಗದ ಹತ್ತಿರ ಕುಳಿತವನ ಬೆನ್ನನ್ನು ಅರ್ಧ ದಿನ ಊರೆಲ್ಲ ನೋಡುತ್ತದೆ. ಒಂದಷ್ಟು ಬನಿಯನ್ನಿನ ಬೆನ್ನಿಗೆ 'ಹೆಸರಿನ ಬನಿಯನ್, ನಂಜಪ್ಪನವರ ಮನೆ, ಸಂತೆ ಬೀದಿ, ಪಾಂಡವಪುರ' ಎಂದು ಒತ್ತಿ ಪುಕ್ಕಟೆ ಹಂಚಿದರೆ? ಮಾವನ ಹೆಸರು ಹಾಕಿದ್ದರಿಂದ ಮಾವನೂ ತಕರಾರು ಮಾಡಲಿಲ್ಲ. ಸಂತೆಗೆ ಬೆಣ್ಣೆ ಮಾರಲು ಹೋಗುವ ದ್ಯಾವಮ್ಮನೇ ಹಂಚುವುದು ಎಂದಾಯಿತು. ಮನೆಯ ಸೊಸೆ ಗಾಡಿಯವರ ಮುಂದೆ ಹೋಗಿ ಬನಿಯನ್ ಹಿಡಿದು ನಿಲ್ಲುವ ಮಾತೇ ಇರಲಿಲ್ಲ.

ಸಂತೆಯಿಂದ ಬಂದ ದ್ಯಾವಮ್ಮ ಖಾಲಿ ಬುಟ್ಟಿ ತೋರಿಸಿದ್ದಳು. "ಎಲ್ಲಾ ಕೊಟ್ಬುಟ್ಟೆ. ಖುಷಿಯಾಗ್ ಇಸ್ಕೊಂಡ್ರು."

ಕುಂಬಳಕಾಯಿ ಬಂದದ್ದು ಅದರ ನಂತರ.

ಕೋಳಿ ಬಂದ ಶನಿವಾರ ರಾತ್ರಿ ಹೊನ್ನಪ್ಪ ಊಟಕ್ಕೆ ಕುಳಿತಿದ್ದ. ನಂಜಪ್ಪನಿಗೆ ಹೊಸ ಅನುಮಾನ ಹುಟ್ಟಿತ್ತು.

"ಲೇ ಹೊನ್ನ, ನಾನು ಸೊಸೈಟಿ ಎಲೆಕ್ಷನ್‌ಗೆ ನಿಂತಿದೀನಿ ಅಂತ ಯಾವನಾದ್ರೂ ಸುದ್ದಿ ಹಬ್ಸವ್ನೇನ್ಲಾ?"

"ನಿಂತೋರು ಜನುಕ್ಕೆ ಕೋಳಿ ಕೊಡ್ತಾರೆ ಕಣಪ್ಪ. ಜನ ನಿಂತೋರಿಗೆ ಕೊಡಲ್ಲ."

ಜಯಲಕ್ಷ್ಮಿ ನಕ್ಕಳು. ಪ್ರೇಮಮ್ಮನಿಗೆ ನಗು ಬರಲಿಲ್ಲ. "ಬನೀನ್ ವಿಸ್ಯ ಯಾರೂ ಕೇಳ್ಲಿಲ್ವಾ ಅತ್ತೆ ಸಂತೇಲಿ? ಬೆಲೆ ಎಷ್ಟು, ಎಲ್ ಸಿಕ್ತದೆ, ಏನೂ?"

"ಎಲ್ರೂ ಚೆನ್ನಾಗವ್ರಾ ಅಂತ ಕೇಳಿದ್ರು."

"ಅದಲ್ಲ ಅತ್ತೆ."

"ಇನ್ನೇನ್ ಕೇಳ್ಬೇಕವ್ವ? ಒಳ್ಳೆ ಮಾತಾಡಿದ್ರು. ನಿನ್ನೂ ಕೇಳಿದ್ರು. ಸೊಸೆ ಅಂದ್ರೆ ಇಂಗಿರ್ಬೇಕು ಅಂದ್ರು."

ಹೊನ್ನಪ್ಪ ಕೈ ತೊಳೆಯುತ್ತ ಹೆಂಡತಿಗೆ ಮಾತ್ರ ಕೇಳುವ ಹಾಗೆ ಹೇಳಿದ. "ಬಣ್ಣ ಸರಿಯಾಗಿ ಒತ್ತಿದ್ದೆಯಾ? ಓದಕ್ಕಾಗ್ತಿತ್ತಾ?" ಅವಳಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಯಾರೂ ಇಲ್ಲದ ಹೊತ್ತು ನೋಡಿ ಕೋಣೆಗೆ ಹೋಗಿ, ಉಳಿದಿದ್ದ ಒಂದು ಬನಿಯನ್ ತೆಗೆದು, ಬಾಗಿಲಿನಿಂದ ದೂರ ನಿಂತು ತಾನೇ ಓದಿದಳು. ಚೆನ್ನಾಗಿಯೇ ಕಾಣುತ್ತಿತ್ತು. ಹಾಗಾದರೆ ತಪ್ಪು ಎಲ್ಲಿ? ಕಾರ್ಖಾನೆಯ ದಾರಿಯಲ್ಲಿ ಹೋಗಿಬಂದ ಜಯಲಕ್ಷ್ಮಿಗೂ ನೀಲಿ ಅಕ್ಷರದ ಒಂದು ಬೆನ್ನೂ ಕಂಡಿರಲಿಲ್ಲ. ಕೊಟ್ಟ ಬನಿಯನ್ನುಗಳನ್ನು ನೆಲವೇ ನುಂಗಿದಂತಿತ್ತು.

ಸಂಕ್ರಾಂತಿ ಕಳೆಯಿತು. ಎಳ್ಳುಬೆಲ್ಲ ಬೀರಲು ಬಂದ ಪಕ್ಕದ ಮನೆಯ ಮಂಗಳಮ್ಮ ಬೀದಿಯ ಕೋಣೆಗೆ ಇಣುಕಿ, "ಏನವ್ವ ಪ್ರೇಮಮ್ಮ, ಮಗೀಗೆ ಬಟ್ಟೆ ಕೂಡಿಡ್ತಿದ್ದೀಯಾ?" ಎಂದು ಕೇಳಿ ಹೋದಳು. ಬೋರಯ್ಯ ಎರಡು ಸಲ ಬಂದು ಗೋಡೆಯನ್ನು ಕೈಯಿಂದ ತಟ್ಟಿ, ಮೂಟೆ ಎಲ್ಲಿ ಜೋಡಿಸಬಹುದು ಎಂದು ನಂಜಪ್ಪನಿಗೆ ತೋರಿಸಿದ. ಎರಡನೆಯ ಸಲ ಪ್ರೇಮಮ್ಮ ಅಲ್ಲೇ ರಟ್ಟು ಕೊರೆಯುತ್ತ ಕುಳಿತಿದ್ದಳು. ಅವನು ಅವಳ ತಲೆಯ ಮೇಲಿನಿಂದಲೇ ಮಾತಾಡಿದ.

ಆಮೇಲೆ ಸಿಂಧಘಟ್ಟದಿಂದ ಕರೆ ಬಂತು. ಸಣ್ಣಯ್ಯ ಎಂಬ ಹಿರಿಯ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರ ಇಟ್ಟುಕೊಂಡಿದ್ದ. ಆಳನ್ನು ಕಳಿಸಿ, ನಂಜಪ್ಪನೋರ ಮನೆಯವರು ಬರಲೇಬೇಕು ಎಂದು ಹೇಳಿಸಿದ್ದ.

"ಯಾವ್ ಸಣ್ಣಯ್ಯ?" ನಂಜಪ್ಪನಿಗೆ ತಲೆ ಬುಡ ತಿಳಿಯಲಿಲ್ಲ. "ನಮ್ಗೂ ಅವ್ರಿಗೂ ಏನ್ ಸಂಬಂದ?"

"ನನ್ ಹತ್ರ ಬೆಣ್ಣೆ ತಗೋತಾರೆ. ಒಳ್ಳೆ ಜನ," ಎಂದಳು ದ್ಯಾವಮ್ಮ. "ನಾನೂ ಪ್ರೇಮನೂ ಹೋಗ್ ಬತ್ತೀವಿ."

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಅವರು ಸಿಂಧಘಟ್ಟ ಸೇರುವಾಗ ಊಟದ ಹೊತ್ತು. ಸಣ್ಣಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ಹತ್ತಿರದ ನೆಂಟರು ಕೂರುವ ನಡುಮನೆಯಲ್ಲಿ ಎಲೆ ಹಾಕಿಸಿದಳು. ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಿತ್ತು. ಪ್ರೇಮಮ್ಮ ಎಲೆಗೆ ಕೈ ಅಡ್ಡ ಹಿಡಿದಳು. ಇಷ್ಟು ಮರ್ಯಾದೆ ಯಾತಕ್ಕೆ?

ಊಟವಾದ ಮೇಲೆ ಲಕ್ಷ್ಮಿದೇವಮ್ಮ ಕೋಣೆಗೆ ಕರೆದು ಟ್ರಂಕು ತೆಗೆದಳು. ರೇಷ್ಮೆ ಸೀರೆಯ ಕೆಳಗೆ, ಮದುವೆಯ ಪಂಚೆಯ ಮೇಲೆ, ಮಡಿಕೆ ಮುರಿಯದ ಒಂದು ಬನಿಯನ್ ಇತ್ತು. ಮೂಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟು.

"ನೋಡವ್ವ, ಎಂಗ್ ಮಡ್ಗಿದೀನಿ. ನಿಮ್ಮನೆ ಉಡುಗೊರೆ. ನಮ್ಮೋರು ಯುಗಾದಿಗೆ ಹಾಕ್ಕೊತಾರಂತೆ."

"ಗಾಡಿ ಹೊಡಿವಾಗ ಹಾಕ್ಕೊಳಲ್ವಾ?" ಪ್ರೇಮಮ್ಮನ ದನಿ ಅವಳಿಗೇ ದೂರದಿಂದ ಬಂದ ಹಾಗಿತ್ತು.

"ಅಯ್ಯೋ, ಎಲೆ ಅಡಿಕೆ ಇಟ್ಟು ಕೊಟ್ಟ ಬಟ್ಟೇನ ಕಬ್ಬಿನ ಗಾಡೀಲಿ ಹಾಕ್ಕೊತಾರಾ?"

ಪ್ರೇಮಮ್ಮ ತಿರುಗಿ ಅತ್ತೆಯ ಮುಖ ನೋಡಿದಳು. ದ್ಯಾವಮ್ಮ ಟ್ರಂಕನ್ನೇ ನೋಡುತ್ತಿದ್ದಳು, ತೃಪ್ತಿಯಿಂದ.

ಅಷ್ಟರಲ್ಲಿ ಸಣ್ಣಯ್ಯನ ಮಗ ಚಿಕ್ಕಸ್ವಾಮಿ ಬಾಗಿಲ ಹತ್ತಿರ ಬಂದು ನಿಂತ. ಊರಿನ ಕಬಡ್ಡಿ ತಂಡದ ಮುಂದಾಳು ಅವನು. "ಅಕ್ಷರ ಬಾಳ ನೀಟಾಗೈತೆ ಅಕ್ಕ. ನಮ್ ಟೀಮ್‌ಗೂ ಇಂಗೇ ಬೇಕು. ಮೈಸೂರಿಗ್ ಹೋಗಿ ಬರೆಸ್ಕೊಂಡ್ ಬರಾನ ಅಂತಿದೀವಿ."

"ಮೈಸೂರಿಗ್ ಯಾಕೆ? ನಮ್ಮಲ್ಲೇ..." ಎಂದಳು ಪ್ರೇಮಮ್ಮ.

ಹಿಂದಿನಿಂದ ಸಣ್ಣಯ್ಯ ಮಗನನ್ನು ಗದರಿದ. "ಲೇ, ನಾಚ್ಕೆ ಆಗಲ್ವೇನ್ಲಾ? ಒಂದ್ಸಲ ಕೊಟ್ಟವ್ರೆ. ಮತ್ತೆ ಕೈ ಚಾಚಕ್ಕಾಯ್ತದಾ? ಅವ್ರು ದುಡ್ ಇಸ್ಕೊಳಲ್ಲ, ನಮ್ಗೆ ಸುಮ್ನೆ ಇಸ್ಕೊಳಕ್ ಮನ್ಸಾಗಲ್ಲ. ಮೈಸೂರೇ ಸರಿ."

ದುಡ್ಡು ಇಸ್ಕೊತೀವಿ ಎಂಬ ಮಾತು ಪ್ರೇಮಮ್ಮನ ನಾಲಿಗೆಯ ತುದಿಯಲ್ಲಿತ್ತು. ಹೊಟ್ಟೆಯಲ್ಲಿ ಅವರ ಮನೆಯ ಒಬ್ಬಟ್ಟು. ಮುಂದೆ ತೆರೆದ ಟ್ರಂಕು. ಪಕ್ಕದಲ್ಲಿ ಅತ್ತೆ. ಮಾತು ಹೊರಡಲಿಲ್ಲ.

ಬಸ್ಸಿಗೆ ಕಾಯುವಾಗ ಹೊರಟಿತು.

"ಎಲೆ ಅಡಿಕೆ ಯಾಕ್ ಇಟ್ರಿ ಅತ್ತೆ? ನಾನ್ ಏನ್ ಹೇಳಿದ್ದೆ? ಗಾಡಿಯೋರಿಗೆ ಕೊಟ್ಟು, ಇದ ಹಾಕ್ಕೊಂಡ್ ತಿರ್ಗಿ ಅಂತ ಹೇಳಿ ಅಂದಿದ್ದೆ."

"ಯಾರ್ಯಾರಿಗೋ ಎಂಗವ್ವ ಕೊಡದು? ಗೊತ್ತಿರೋ ಮನೆಯೋರಿಗ್ ಕೊಟ್ಟೆ."

"ಸರಿ. ಎಲೆ ಅಡಿಕೆ?"

"ಹೊಸಾ ಬಟ್ಟೆ ಕಣೆ. ಎಲೆ ಇಲ್ಲ, ಅಡಿಕೆ ಇಲ್ಲ, ಒಂದ್ ಬೊಟ್ಟು ಕುಂಕುಮ ಇಲ್ಲ, ಬರೀ ಬಟ್ಟೆ ತಗಂಡೋಗಿ ಬದ್ಕಿರೋ ಮನುಷ್ಯನ್ ಕೈಗಿಡು ಅಂದ್ರೆ ನನ್ ಕೈ ಬತ್ತದಾ? ಬರೀ ಬಟ್ಟೆ ಹಾಕೋದು ಹೆಣುಕ್ಕೆ. ನಿಮ್ ಬಿಂಡಿಗನವಿಲೇಲಿ ಎಂಗೋ ನಂಗೊತ್ತಿಲ್ಲ."

ಬಿಂಡಿಗನವಿಲೆಯಲ್ಲೂ ಹಾಗೆಯೇ ಎಂದು ಪ್ರೇಮಮ್ಮನಿಗೆ ಗೊತ್ತಿತ್ತು. ಈ ಕೆಲಸಕ್ಕೆ ತಾನೇ ಹೋಗಿದ್ದರೆ ತನ್ನ ಕೈ ಬರುತ್ತಿತ್ತೇ? ಬನಿಯನ್ ಎಂದಾಗ ತಾನು ನೋಡಿದ್ದು ಅದನ್ನು ತೊಟ್ಟವನ ಬೆನ್ನನ್ನು ಮಾತ್ರ. ಅತ್ತೆ ನೋಡಿದ್ದು ಅದಕ್ಕೆ ಚಾಚಿದ ಕೈಯನ್ನು. ಯಾರು ಸರಿ ಎಂದು ಯೋಚಿಸುತ್ತ ಹೋದರೆ ತಲೆ ಕೆಟ್ಟು ಹೋಗುತ್ತಿತ್ತು.

"ನಿಮ್ಮಿಂದ ಕೋಣೆ ಬೋರಯ್ಯನ ಪಾಲಾಗ್ತದೆ," ಎಂದಳು ಕೊನೆಗೆ.

"ಆಗ್ಲಿ ಬುಡು. ಕೋಣೆ ಹೋದ್ರೆ ಹೋಗ್ತದೆ. ಇಷ್ಟ್ ಜನ ಆದ್ರಲ್ಲ."

ಆ ಮಾತಿಗೆ ಪ್ರೇಮಮ್ಮ ಮುಖ ತಿರುಗಿಸಿ ನಿಂತಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತರು.

ಮುಂದಿನ ವಾರಗಳಲ್ಲಿ ಮನೆಯ ಅಡುಗೆಯಲ್ಲಿ ಬರೀ ಬಂದ ಪದಾರ್ಥಗಳು. ಅವರೆಕಾಳಿನ ಹುಳಿ, ಕುಂಬಳಕಾಯಿ ಪಲ್ಯ, ಬೆಲ್ಲದ ಪಾಯಸ. "ಯಾಪಾರ ಇಲ್ದಿದ್ರೂ ಊಟ ಜೋರಾಗೈತೆ," ಎಂದು ನಂಜಪ್ಪ ಹೇಳಿದ. ಅದು ಹೊಗಳಿಕೆಯೋ ಕುಟುಕೋ ತಿಳಿಯಲಿಲ್ಲ. ಪ್ರೇಮಮ್ಮ ಅತ್ತೆಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಪ್ಪು ಸಾಕಾ, ಹಾಲು ಕರೆದಾಯ್ತಾ. ಜಯಲಕ್ಷ್ಮಿ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಿ ಸೋತಳು.

"ಅತ್ತಿಗೆ, ನೀವೇ ಸಿಂಧಘಟ್ಟದೋರಿಗೆ ಒಂದ್ ಮಾತ್ ಹೇಳ್ಬೋದಿತ್ತಲ್ಲ, ರೇಟು ಇಂತಿಷ್ಟು ಅಂತ," ಎಂದಳು ಒಂದು ದಿನ.

"ಅವ್ರ್ ಮನೇಲ್ ಉಂಡು, ಅವ್ರಿಗೇ ರೇಟ್ ಹೇಳದಾ?"

"ಅವ್ವನ್ ತರಾನೇ ಮಾತಾಡ್ತೀರಿ," ಎಂದು ಜಯಲಕ್ಷ್ಮಿ ಎದ್ದು ಹೋದಳು. ಪ್ರೇಮಮ್ಮ ಕೊರೆಯುತ್ತಿದ್ದ ರಟ್ಟನ್ನು ಕೆಳಗಿಟ್ಟಳು.

ಶಿವರಾತ್ರಿಯ ಹಿಂದಿನ ದಿನ ಬೆಳಿಗ್ಗೆ ಅವಳು ಕೋಣೆ ಖಾಲಿ ಮಾಡತೊಡಗಿದಳು. ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿದಳು. ಉಳಿದ ಬಿಳಿ ಬನಿಯನ್ನುಗಳನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿದಳು. ಬೋರಯ್ಯ ಸಂಜೆ ಬೀಗದ ಕೈಗೆ ಬರುತ್ತೇನೆಂದಿದ್ದ. ನಂಜಪ್ಪ ಜಗುಲಿಯಲ್ಲಿ ಕುಳಿತು ಬೀಗದ ಕೈಯನ್ನು ಸೊಂಟದ ಚೀಲದಲ್ಲಿ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಆಗ ಸಿಂಧಘಟ್ಟದ ಸಣ್ಣಯ್ಯ ಬಂದ. ಜೊತೆಯಲ್ಲಿ ಚಿಕ್ಕಸ್ವಾಮಿ. ಮಗನ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

ಅವರನ್ನು ಚಾಪೆಯ ಮೇಲೆ ಕೂರಿಸಿದ್ದಾಯಿತು. ಜಯಲಕ್ಷ್ಮಿ ಪಾನಕ ತಂದಳು. ಸಣ್ಣಯ್ಯ ತಟ್ಟೆಯ ಬಟ್ಟೆ ಸರಿಸಿದ. ಎಲೆ, ಅಡಿಕೆ, ಎರಡು ತೆಂಗಿನಕಾಯಿ, ಒಂದು ಮೊಳ ಹೂವು. ಅವುಗಳ ಕೆಳಗೆ ಹಸಿರು ಸೀರೆ, ಕೆಂಪು ಅಂಚಿನದು.

"ಇದು ದ್ಯಾವಮ್ಮನೋರಿಗೆ," ಎಂದ ಸಣ್ಣಯ್ಯ. ಮಾತಿಗೆ ತಡಕಾಡುತ್ತಿದ್ದ. "ಹುಡುಗ್ರು ಪ್ರಾಣ ತಿಂತಾವ್ರೆ ನಂಜಪ್ಪನೋರೆ. ನಾಗಮಂಗಲದಲ್ಲಿ ಕಬಡ್ಡಿ ಪಂದ್ಯ ಐತೆ. ನಿಮ್ಮನೆ ಬನೀನೇ ಬೇಕಂತೆ. ನಿಮ್ ಕೈಲಾದ್ರೆ ಎಲ್ರಿಗೂ ಒಂದೊಂದು... ಇಲ್ಲ ಅನ್ಬ್ಯಾಡಿ."

ದ್ಯಾವಮ್ಮ ಆಗಲೇ ಸೀರೆಯ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅವಳಿಗೆ ಹೊಸ ಸೀರೆ ಬಂದು ಎಷ್ಟು ಕಾಲವಾಗಿತ್ತೋ. ನಂಜಪ್ಪ, "ಅದಕ್ಕೇನಂತೆ," ಎಂದು ಶುರು ಮಾಡಿ ನಿಲ್ಲಿಸಿದ.

ಪ್ರೇಮಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು, ಗಂಟು ಕೈಯಲ್ಲೇ ಇತ್ತು. ಈ ತಟ್ಟೆ ಮುಟ್ಟಿದರೆ ಗಂಟಿನಲ್ಲಿದ್ದ ಬನಿಯನ್ನೆಲ್ಲ ಇವರಿಗೆ. ಬೇರೆ ತರಲು ಕಾಸಿಲ್ಲ. ಸಂಜೆಗೆ ಬೋರಯ್ಯ.

"ಒಂದಕ್ಕೆ ಮೂರೂಮುಕ್ಕಾಲು ರೂಪಾಯಿ," ಎಂದಳು.

ತನ್ನ ಮಾತು ತನಗೇ ಕಪಾಳಕ್ಕೆ ಹೊಡೆದ ಹಾಗೆ ಕೇಳಿಸಿತು. ಅವಳು ನಿಲ್ಲಿಸಲಿಲ್ಲ. "ಬನೀನು, ಬಣ್ಣ, ಎಲ್ಲಾ ಸೇರಿ. ಬೆನ್ ಮೇಲೆ ನಂಬರ್ ಬೇಕಂದ್ರೆ ಅದ್ಕೆ ಬೇರೆ. ಅರ್ಧ ದುಡ್ಡು ಮುಂಚೆ ಕೊಡ್ಬೇಕು."

ಸಣ್ಣಯ್ಯ ಅವಳನ್ನು ನೋಡಿದ. ತಟ್ಟೆಯನ್ನು ನೋಡಿದ. ಅವನ ಭುಜಗಳು ಇಳಿದವು. ಬೈಯುತ್ತಾನೆ ಎಂದುಕೊಂಡಳು ಪ್ರೇಮಮ್ಮ.

"ಅಲ್ಲ ತಾಯಿ," ಎಂದ, "ಇದ ಮೊದ್ಲೇ ಹೇಳ್ಬಾರ್ದಿತ್ತಾ? ಒಂದ್ ಬನೀನ್ಗೆ ಏನ್ ಕೊಟ್ರೆ ಸರಿಹೋಯ್ತದೆ ಅಂತ ನಮ್ಮನೇಲಿ ದಿನಾ ಜಗಳ. ನಮ್ಮೋಳು ಸೀರೆ ಅಂತಾಳೆ, ನಾನು ಕುರಿಮರಿ ಅಂತೀನಿ. ಆ ಕುಂಬಳಕಾಯಿ ಕೊಟ್ಟ ಕುಳ್ಳಯ್ಯ ಅವ್ನಲ್ಲ, ಕಮ್ಮಿ ಆಯ್ತೇನೋ ಅಂತ ಇವತ್ಗೂ ಕೊರಗ್ತಾವ್ನೆ."

ಚಿಕ್ಕಸ್ವಾಮಿ ಜೇಬಿಗೆ ಕೈ ಹಾಕಿ ನೋಟು ತೆಗೆದ. "ಮೈಸೂರಿಗಿಂತ ಕಮ್ಮಿನೇ ಆಯ್ತು. ನಂಬರ್ ಹಾಕ್ಬುಡಿ ಅಕ್ಕ."

ಉಳಿದದ್ದು ತಟ್ಟೆ. ಅದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ವಾಪಸು ಒಯ್ಯಲು ಸಣ್ಣಯ್ಯನಿಗೆ ಕೈ ಬಾರದು. ಇಟ್ಟುಕೊಳ್ಳಿ ಎಂದು ಅತ್ತೆಗೆ ಹೇಳಲು ಪ್ರೇಮಮ್ಮನಿಗೆ ಬಾಯಿ ಬಾರದು. ಆಗ ದ್ಯಾವಮ್ಮ ಸೀರೆಯ ಅಂಚನ್ನು ಒಮ್ಮೆ ಸವರಿ, ಮಡಿಕೆ ಸರಿಮಾಡಿ, ಎರಡು ಕೈಯಲ್ಲೂ ಎತ್ತಿ ಸಣ್ಣಯ್ಯನ ಮುಂದಿಟ್ಟಳು.

"ಇದ ಬಾಣಂತಿಗೆ ಕೊಡಿ. ಹಸ್ರು ಒಪ್ತದೆ," ಎಂದಳು. "ಕಾಯಿ ಇರ್ಲಿ. ಕಾಯಿ ಬ್ಯಾಡ ಅಂದ್ರೆ ಚೆನ್ನಾಗಿರಲ್ಲ."

ಸೊಸೆಯ ಕಡೆ ನೋಡಲಿಲ್ಲ. ಒಳಗೆ ಹೋಗಿ, ಹೊರಡುವವರಿಗೆ ಕೊಡಲು ಎಲೆ ಅಡಿಕೆ ತಂದಳು. ಪ್ರೇಮಮ್ಮ ಅವಳ ಕೈ ಹಿಡಿದು ತಡೆಯಬೇಕೋ ಬಿಡಬೇಕೋ ತಿಳಿಯದೆ, ತಾನೇ ಹೋಗಿ ಕುಂಕುಮದ ಬಟ್ಟಲು ತಂದು ಅತ್ತೆಯ ಪಕ್ಕ ಹಿಡಿದುಕೊಂಡು ನಿಂತಳು.

ಅವರು ಹೋದ ಮೇಲೆ ನಂಜಪ್ಪ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. ಮತ್ತೆ ಬಿಡಿಸಿದ. ಸೊಂಟದ ಚೀಲದಿಂದ ಬೀಗದ ಕೈ ತೆಗೆದು, ತಿರುಗಿಸಿ ನೋಡಿ, ಅಲ್ಲೇ ಹಾಕಿಕೊಂಡ. ಹೆಗಲ ಮೇಲೆ ಟವೆಲು ಎಸೆದುಕೊಂಡು ಎದ್ದ.

"ಬೋರಯ್ಯ ಬಂದ್ರೆ ನಾನು ಊರಲ್ಲಿಲ್ಲ ಅನ್ನಮ್ಮ."

"ಎಲ್ಲಿಗೋಗವ್ರೆ ಅಂದ್ರೆ ಏನ್ ಹೇಳ್ಲಿ ಮಾವ?"

ನಂಜಪ್ಪ ಮೆಟ್ಟಿಲ ಮೇಲೆ ನಿಂತು ಟವೆಲು ಸರಿಮಾಡಿಕೊಂಡ.

"ಸಿಂಧಘಟ್ಟಕ್ಕೆ ಅನ್ನು," ಎಂದ. "ನೆಂಟ್ರ ಮನೆಗೆ."